ಒಣದ್ರಾಕ್ಷಿ ಶೆಡ್ಡಿನ ಹೆಗ್ಗಣಕ್ಕೆ ಸಣ್ಣ ಚರೆಯ ತೋಟಾ ತಕ್ಕದ್ದೇ?

ತಿಕೋಟಾ ದ್ರಾಕ್ಷಿ:
ಎಲ್ಲರಿಗೂ ನಮಸ್ಕಾರ. ತಿಕೋಟಾ ಸಮೀಪದ ಎರೆ ಹೊಲದಲ್ಲಿ ನಮ್ಮ ಒಣದ್ರಾಕ್ಷಿಯ ಶೆಡ್ಡು ಇದೆ. ಹಣ್ಣನ್ನು ದ್ರಾವಣದಲ್ಲಿ ಅದ್ದಿ ಜಾಳಿಗೆಯ ಮೇಲೆ ಹರವಿದ ಮೂರನೆಯ ರಾತ್ರಿಯಿಂದಲೇ ಹೆಗ್ಗಣಗಳು ಬರತೊಡಗುತ್ತವೆ. ಅವು ತಿನ್ನುವುದಕ್ಕಿಂತ ಹೊಲಸು ಮಾಡುವುದೇ ಹೆಚ್ಚು; ಕೆಳಗಿನ ಎರಡು ಅಂತಸ್ತಿನ ಮಾಲಿನಿಂದ ಹಿಕ್ಕೆ ಆರಿಸಲು ಈ ಸಲ ಇಬ್ಬರು ಹೆಣ್ಣಾಳುಗಳಿಗೆ ನಾಲ್ಕು ದಿನ ಹಿಡಿಯಿತು. ಅಮೆರಿಕದಲ್ಲಿರುವ ನನ್ನ ಸೋದರಳಿಯ ಹೇಳುವ ಪ್ರಕಾರ, ಅಲ್ಲಿಯ ರೈತರು ಕೊಟ್ಟಿಗೆ, ಗೋದಾಮುಗಳಲ್ಲಿ .22 ತೋಟಾದೊಳಗೆ ಒಂದೇ ಗುಂಡಿನ ಬದಲು ಸಾಸಿವೆಯಂಥ ಚರೆ ತುಂಬಿದ್ದನ್ನು ಬಳಸುತ್ತಾರಂತೆ. ಹತ್ತಿರದಿಂದ ಹೊಡೆದರೆ ಇಲಿ ಸಾಯುತ್ತದೆ, ತಗಡು ತೂತಾಗುವುದಿಲ್ಲವಂತೆ. ತಂದೆಯವರ ಕಾಲದ .22 ರೈಫಲ್ ಪರವಾನಗಿಸಹಿತ ನಮ್ಮ ಮನೆಯಲ್ಲಿದೆ. ಹಣ್ಣಿನ ಬದಿಯಲ್ಲಿ ವಿಷ ಇಡಲು ಮನಸ್ಸು ಒಪ್ಪುತ್ತಿಲ್ಲ. ಬಲ್ಲವರು ತಿಳಿಸಬೇಕು.

ಹಳೆಯ ಫೌಜಿ, ಬೆಳಗಾವಿ:
ನಿಮ್ಮ ಸೋದರಳಿಯ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಆ ತೋಟಾದಲ್ಲಿ ಸಾಮಾನ್ಯವಾಗಿ 31 ಗ್ರೇನ್, ಅಂದರೆ ಸುಮಾರು 2 ಗ್ರಾಂ ಚರೆ ಇರುತ್ತದೆ. 12ನೆಯ ನಂಬರಿನ ಆ ಚರೆಯ ಒಂದೊಂದು ಕಾಳೂ 1.3 ಮಿಲಿಮೀಟರ್ ದಪ್ಪದ್ದು. ಎಣಿಸಿದರೆ ನೂರೈವತ್ತಕ್ಕೂ ಹೆಚ್ಚು. ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಹೊರಟರೂ ಒಂದು ಕಾಳಿನ ಪಾಲಿಗೆ ಬರುವ ಶಕ್ತಿ ಅರ್ಧ ಜೂಲ್ ಆಸುಪಾಸು. ತಗಡು ಉಳಿಯುವುದು ಇದೇ ಕಾರಣಕ್ಕೆ. ಹೆಗ್ಗಣ ಉಳಿಯುವುದೂ ಇದೇ ಕಾರಣಕ್ಕೆ.

ಎರಡನೆಯ ಮಾತು ನಳಿಗೆಯದು. ರೈಫಲಿನ ನಳಿಗೆಯ ಒಳಗೆ ಸುರುಳಿ ಗೀರುಗಳಿರುತ್ತವೆ. ಒಂದೇ ಗುಂಡಿಗೆ ಆ ತಿರುಗು ಬೇಕು, ಚರೆಗೆ ಅದೇ ಕೇಡು. ತೊಯ್ದ ಛತ್ರಿಯನ್ನು ಗರಗರ ತಿರುವಿದರೆ ಹನಿಗಳು ಸುತ್ತಲೂ ಸಿಡಿಯುತ್ತವಲ್ಲ, ಹಾಗೆ ಚರೆ ಬಾಯಿ ದಾಟಿದ ಕೂಡಲೇ ಹೊರಕ್ಕೆ ಚೆದರಿ, ಮೂರು ಮೀಟರ್ ಆಚೆಗೆ ನಡುವೆ ಖಾಲಿ ಇರುವ ಬಳೆಯಂತೆ ಬೀಳುತ್ತದೆ. ಈ ಕೆಲಸಕ್ಕೆಂದೇ ಯುರೋಪಿನಲ್ಲಿ ಗೀರಿಲ್ಲದ ನಳಿಗೆಯ, ಕೈತೋಟದಲ್ಲಿ ಬಳಸುವ 9 ಮಿಲಿಮೀಟರ್ ಫ್ಲೋಬೇರ್ ಬಂದೂಕು ಬಂದಿತು. 1845ರಲ್ಲಿ ಬುಡದ ಅಂಚಿನಲ್ಲಿ ಸಿಡಿಮದ್ದು ಇರುವ ತೋಟಾ ರೂಪಿಸಿದ ಫ್ರಾನ್ಸಿನ ಲೂಯಿ ನಿಕೊಲಾ ಫ್ಲೋಬೇರನ ಹೆಸರು ಅದಕ್ಕೆ ಉಳಿದಿದೆ. ನಿಮ್ಮ ರೈಫಲಿನಿಂದ ಎರಡು ಹೆಜ್ಜೆ ದೂರದ ಚಿಕ್ಕ ಇಲಿಯನ್ನು ಹೊಡೆಯಬಹುದು, ಅದಕ್ಕಿಂತ ಹೆಚ್ಚಿನದನ್ನು ನಾನು ನಂಬುವುದಿಲ್ಲ.

ಮುಧೋಳ ಕಬ್ಬು:
ಫೌಜಿ ಕಾಕಾ ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೂ ತೋಟಾದ ಪರವಾಗಿ ಒಂದು ಮಾತು ಹೇಳಲೇಬೇಕು. ವಿಷ ತಿಂದ ಇಲಿ ಹೊಲದಲ್ಲಿ ತೂರಾಡುತ್ತ ಸಾಯುತ್ತದೆ, ಅದನ್ನು ಗೂಬೆಯೋ ಬೆಕ್ಕೋ ತಿನ್ನುತ್ತದೆ. ಎರಡು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ಪಾಷಾಣ ಬೆರೆಸಿದ ಹಿಟ್ಟು ನೆಕ್ಕಿ ನನ್ನ ನಾಯಿ ಸತ್ತಿತು. ಬೋನು ಇಟ್ಟರೆ ನಾಲ್ಕು ದಿನದಲ್ಲಿ ಅವಕ್ಕೆ ತಿಳಿದುಬಿಡುತ್ತದೆ. ಎದುರಿಗೆ ಬಂದ ಹೆಗ್ಗಣವನ್ನು ಎರಡೇ ಮಾರು ದೂರದಿಂದ ಗುರುತಿಸಿ ಹೊಡೆಯುವುದರಲ್ಲಿ ಬೇರೆ ಯಾವ ಜೀವಕ್ಕೂ ಹಾನಿಯಿಲ್ಲ. ಮಾಲು ಮಾರಿ ಶೆಡ್ಡು ಖಾಲಿಯಾದ ಮೇಲಾದರೂ ಮಾಡಬಹುದಲ್ಲವೇ?

ಗಾಣದ ಮನೆ, ಮಹಾಲಿಂಗಪುರ:
ಖಾಲಿ ಶೆಡ್ಡಿನಲ್ಲಿ ಹೆಗ್ಗಣ ಏಕೆ ಇರುತ್ತದೆ, ತಮ್ಮಾ? ಮಾಲು ಇದ್ದಾಗಲೇ ಅದು ಬರುವುದು, ಮಾಲು ಇದ್ದಾಗಲೇ ಕೈ ಬಂದೂಕಿಗೆ ಹೋಗುವುದು. ನಾನು ಕಂಡದ್ದನ್ನೇ ಹೇಳುತ್ತೇನೆ. ನಮ್ಮ ತಂದೆಯವರು ಬೆಲ್ಲದ ಕೋಣೆಯಲ್ಲಿ 12 ಬೋರ್ ಬಂದೂಕಿನಿಂದ ಒಂದು ಹೆಗ್ಗಣಕ್ಕೆ ಹೊಡೆದರು. ಹೆಗ್ಗಣ ಸತ್ತಿತು, ನಿಜ. ಕಲ್ಲುಹಾಸಿಗೆ ಬಡಿದ ಚರೆ ಮೇಲಕ್ಕೆ ಪುಟಿದು ಗೋಡೆಯ ಬದಿ ಒಟ್ಟಿದ್ದ ಪೆಂಟಿಗಳಿಗೆ ಹೊಕ್ಕಿತು; ರಾತ್ರಿಯಾದ್ದರಿಂದ ಯಾರ ಲಕ್ಷ್ಯಕ್ಕೂ ಬರಲಿಲ್ಲ. ಎಂಟು ದಿನದ ನಂತರ ಪೇಟೆಯಲ್ಲಿ ವ್ಯಾಪಾರಿ ಪೆಂಟಿಯನ್ನು ಒಡೆದು ಬೆಲ್ಲದ ಹರಳು ನೋಡುವಾಗ, ಹೊಂಬಣ್ಣದ ನಡುವೆ ಕರಿ ಮೆಣಸಿನ ಕಾಳಿನಂಥದ್ದು ಕಂಡಿತು. ಉಗುರಿನಿಂದ ಕೆದರಿ ಅಂಗೈಯಲ್ಲಿ ಇಟ್ಟುಕೊಂಡು ತಂದೆಯವರ ಮುಖ ನೋಡಿದರು. ಮಾತಾಡಲಿಲ್ಲ. ಅಷ್ಟೂ ಮಾಲು ಅದೇ ಗಾಡಿಯಲ್ಲಿ ವಾಪಸು ಬಂತು.

12 ಬೋರಿನ ಚರೆ ಕಣ್ಣಿಗಾದರೂ ಕಂಡಿತು. ಸಾಸಿವೆಯಷ್ಟು ಸಣ್ಣ ಸೀಸ ಅಂಟಂಟಾದ ಒಣದ್ರಾಕ್ಷಿಯ ಸುಕ್ಕಿನೊಳಗೆ ಕುಳಿತರೆ ಯಾವ ಹೆಣ್ಣಾಳು ಆರಿಸಬೇಕು? ಸೋಸುವ ಘಟಕಗಳಲ್ಲಿ ಕಬ್ಬಿಣದ ಚೂರು ಹಿಡಿಯಲು ಅಯಸ್ಕಾಂತ ಇರುತ್ತದೆ, ಆದರೆ ಸೀಸ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಒಣದ್ರಾಕ್ಷಿಯನ್ನು ಮೊದಲು ತಿನ್ನುವವರು ಮಕ್ಕಳು, ಮಕ್ಕಳ ಮಿದುಳಿಗೆ ಸೀಸದಂಥ ವೈರಿ ಇನ್ನೊಂದಿಲ್ಲ. ವಿಷ ಬೇಡವೆಂದು ತಾನೇ ತಿಕೋಟಾದವರು ಇಲ್ಲಿಗೆ ಬಂದದ್ದು? ಈ ಚರೆಯೂ ವಿಷವೇ.

ಮುಧೋಳ ಕಬ್ಬು:
ಇದು ನನಗೆ ಹೊಳೆದಿರಲಿಲ್ಲ, ಅಣ್ಣಾ. ತಿನ್ನುವ ಮಾಲಿನ ನಡುವೆ ಚರೆ ಬೇಡ ಎನ್ನುವುದನ್ನು ಒಪ್ಪಿದೆ. ಶೆಡ್ಡಿನ ಹೊರಗೆ, ಬದುವಿನ ಮೇಲೆ ಹೊಡೆಯುವುದಕ್ಕೆ ನನ್ನ ತಕರಾರು ಈಗಲೂ ಇಲ್ಲ.

ಕೋರ್ಟು ರಸ್ತೆ, ವಿಜಯಪುರ:
ವಕೀಲಿ ವೃತ್ತಿಯವನಾಗಿ ಎರಡು ವಿಷಯ ಸೇರಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ಬೆಳೆ ರಕ್ಷಣೆಯ ಮಾತು ಎತ್ತುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಸಂಬಂಧಿಸಿ. ಅದರಲ್ಲಿ ತೋಟಾ ಹೋಗುವುದೇ ಇಲ್ಲ. ತಂದೆಯವರ ಹೆಸರಿನ ಪರವಾನಗಿ ಮಗನಿಗೆ ತಾನಾಗಿ ಬರುವುದಿಲ್ಲವಾದ್ದರಿಂದ, ತಿಕೋಟಾದವರು ಮೊದಲು ಆ ಪುಸ್ತಕದಲ್ಲಿ ಯಾರ ಹೆಸರಿದೆ, ಯಾವ ಉದ್ದೇಶ ಬರೆದಿದೆ, ಎಷ್ಟು ತೋಟಾಕ್ಕೆ ಅನುಮತಿಯಿದೆ ಎಂಬುದನ್ನು ನೋಡಿಕೊಳ್ಳಬೇಕು. ಸೋದರಳಿಯನ ಚೀಲದಲ್ಲಿ ತೋಟಾ ತರಿಸುವ ಯೋಚನೆಯನ್ನಂತೂ ಮಾಡಲೇಬೇಡಿ.

ಇನ್ನೊಂದು ವನ್ಯಜೀವಿಗಳದು. ಇಲಿ, ಹೆಗ್ಗಣಕ್ಕೆ ತೊಂದರೆಯಿಲ್ಲ. ಆದರೆ ಕೈಯಲ್ಲಿ ಬಂದೂಕು ಇದ್ದವರು ಹಣ್ಣಿಗೆ ಬರುವ ಗೊರವಂಕಕ್ಕೋ, ಇಲಿಯ ಬೆನ್ನು ಹತ್ತಿ ಬಂದ ಕೇರೆ ಹಾವಿಗೋ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗುತ್ತದೆ. ಕೇರೆ ಹಾವನ್ನು ಕೊಂದವರು ತಮ್ಮ ಶೆಡ್ಡಿನ ಕಾವಲುಗಾರನನ್ನೇ ಕೊಂದಂತೆ.

ಎರೆ ನೆಲ, ಇಂಡಿ:
ನಾನು ಕೃಷಿ ಓದಿದವಳು, ಮನೆಯಲ್ಲಿ ಬಿಳಿಜೋಳ ಬೆಳೆಯುತ್ತೇವೆ. ಮುಧೋಳದ ಅಣ್ಣನವರು ಬದುವಿನ ಮೇಲೆ ಹೊಡೆಯಬಹುದು ಎಂದರು. ಒಂದು ಹೆಗ್ಗಣ ಹೊಡೆಯಲು ಒಂದು ರಾತ್ರಿ ಕೂಡಬೇಕು. ಅದರ ಬಸಿರು ಮೂರು ವಾರದ್ದು, ಒಂದು ಸೂಲಿಗೆ ಆರೆಂಟು ಮರಿ. ಗಾಯಗೊಂಡದ್ದು ಬಿಲ ಸೇರಿ ಕೊಳೆತರೆ ಆ ನಾತ, ನೊಣ ಎರಡೂ ಹಣ್ಣಿಗೇ ಬರುತ್ತವೆ. ಆದ್ದರಿಂದ ಪ್ರಾಣಿಯನ್ನಲ್ಲ, ಬಿಲವನ್ನು ಹುಡುಕಬೇಕು. ಸಂಜೆ ಎಲ್ಲ ಬಿಲಗಳ ಬಾಯಿಗೂ ಮಣ್ಣು ಮುಚ್ಚಿ, ಬೆಳಿಗ್ಗೆ ಯಾವುವು ತೆರೆದಿವೆ ಎಂದು ನೋಡಿದರೆ ಜೀವಂತ ಬಿಲಗಳು ತಿಳಿಯುತ್ತವೆ.

ಅಂಥ ಬಿಲಗಳಿಗೆ ಎರಡು ದಿನ ಎಣ್ಣೆ ಸವರಿದ ಬರಿಯ ನುಚ್ಚು ಹಾಕಿ ರುಚಿ ಹತ್ತಿಸಬೇಕು. ಮೂರನೆಯ ದಿನ 96 ಪಾಲು ನುಚ್ಚಿಗೆ 2 ಪಾಲು ಎಣ್ಣೆ, 2 ಪಾಲು ಜಿಂಕ್ ಫಾಸ್ಫೈಡ್ ಕಲಸಿ, ಕಾಗದದಲ್ಲಿ ಸುತ್ತಿ ಬಿಲದ ಒಳಗೇ ತಳ್ಳಿ ಬಾಯಿ ಮುಚ್ಚಬೇಕು. ಬರಿಗೈಯಿಂದ ಮುಟ್ಟಬಾರದು. ನಾಯಿ ಸತ್ತದ್ದು ಹಿಟ್ಟು ಹೊರಗೆ ಬಿದ್ದಿದ್ದರಿಂದ. ಸತ್ತ ಇಲಿ ಸಿಕ್ಕರೆ ಅದೇ ದಿನ ಆಳವಾಗಿ ಹೂಳಬೇಕು. ಶೆಡ್ಡಿನೊಳಗೆ ವಿಷವನ್ನು ಒಯ್ಯಲೇಬಾರದು. ಅಲ್ಲಿ ಬೋನು ಸಾಕು, ಮತ್ತು ಕಂಬಗಳಿಗೆ ಮೊಳಕಾಲಿನ ಮೇಲೆ ನುಣುಪಾದ ತಗಡನ್ನು ಸುತ್ತಿದರೆ ಅವು ಹತ್ತಲಾರವು.

ಹಳೆಯ ಫೌಜಿ, ಬೆಳಗಾವಿ:
ತಂಗಿ ಹೇಳಿದ್ದು ಸರಿಯಿದೆ. ಬದುವಿನ ಮೇಲೆ ಹೊಡೆಯುವವರಿಗೂ ಒಂದು ಮಾತು: ಕಾಳು ಸಣ್ಣದೆಂದು ಕಣ್ಣು ಉಳಿಯುವುದಿಲ್ಲ. ಕಲ್ಲಿಗೆ ಬಡಿದು ತಿರುಗಿ ಬಂದ ಒಂದು ಕಾಳು ಸಾಕು. ರಾತ್ರಿ ಹೊಲದಲ್ಲಿ ನೀರು ಹಾಯಿಸುವ ಆಳು ಎಲ್ಲಿ ನಿಂತಿರುತ್ತಾನೆ ಎಂಬುದು ಕತ್ತಲೆಯಲ್ಲಿ ಕಾಣುವುದಿಲ್ಲ.

ತಿಕೋಟಾ ದ್ರಾಕ್ಷಿ:
ಎಲ್ಲರಿಗೂ ಋಣಿ. ಪುಸ್ತಕ ತೆಗೆದು ನೋಡಿದೆ. ಪರವಾನಗಿ ತಂದೆಯವರ ಹೆಸರಿನಲ್ಲೇ ಇದೆ, ಆ ಕಾಗದದ ಕೆಲಸಕ್ಕೆ ಸೋಮವಾರ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುತ್ತೇನೆ. ನಿನ್ನೆ ಸಂಜೆ ನಾನೂ ಮಗನೂ ಸೇರಿ 31 ಬಿಲ ಮುಚ್ಚಿದೆವು. ಇಂದು ಬೆಳಿಗ್ಗೆ 12 ತೆರೆದಿದ್ದವು. ಅವುಗಳಲ್ಲಿ ಶೆಡ್ಡಿನ ಕೆಳಗಿನವು ಮೂರೇ. ಉಳಿದ ಒಂಬತ್ತೂ ಪಕ್ಕದ ಬದುವಿನಲ್ಲಿ, ನಾವು ಕೊಳೆತ ಹಣ್ಣು ಸುರಿಯುವ ತಿಪ್ಪೆಯ ಸುತ್ತ ಇವೆ. ಆ ತಿಪ್ಪೆಯನ್ನು ನಾಳೆಯೇ ತೆಗೆಸುತ್ತೇನೆ, ನುಚ್ಚನ್ನು ಇಂದೇ ರಾತ್ರಿ ಹಾಕುತ್ತೇನೆ.