ಸಹಾಯ ಬೇಕು: ಈ ಅಂಟು ಗಿಡ ನುಸಿ ತಿನ್ನುತ್ತದಾ?

ಮಣಿಪಾಲದ ಹತ್ತಿರ ಮುರಕಲ್ಲಿನ ಪಾದೆಯಲ್ಲಿ ಗೇಣುದ್ದದ ಗಿಡವೊಂದು ಸಿಕ್ಕಿದೆ. ದಾರದಷ್ಟು ಸಪೂರ ಎಲೆ, ತುಂಬಾ ಕೆಂಪು ರೋಮ, ಪ್ರತಿ ತುದಿಯಲ್ಲೂ ಹನಿ. ಮಧ್ಯಾಹ್ನದ ಬಿಸಿಲಿಗೂ ಆರಿಲ್ಲ, ಹಾಗಾಗಿ ಇಬ್ಬನಿ ಅಲ್ಲ. ಮುಟ್ಟಿದರೆ ಹಲಸಿನ ಮೇಣದ ಹಾಗೆ ನೂಲು ಬರುತ್ತದೆ. ಒಂದೇ ಎಲೆಯಲ್ಲಿ ನಾಲ್ಕು ನುಸಿ ಸತ್ತಿದ್ದವು, ಪಾಪ.

ಅಂಟು ಹನಿಯಲ್ಲಿ ಹುಳ ಹಿಡಿದು ತಿನ್ನುವ ಡ್ರೊಸೆರಾ ಗಿಡ ಇರಬಹುದಾ? ಸುಮ್ನೆ ಅಂಟಿದರೆ ಸಾಲದು, ಜೀರ್ಣವೂ ಆಗಬೇಕು ಅಲ್ವಾ? ಹಿತ್ತಲಿನ ನಾಯಿಸಾಸಿವೆಯೂ ಅಂಟುತ್ತದೆ, ಅದನ್ನು ಯಾರೂ ಮಾಂಸಾಹಾರಿ ಅನ್ನುವುದಿಲ್ಲ.

ಡಾರ್ವಿನ್ ಮಾಡಿದ ಹಾಗೆ ಬೇಯಿಸಿದ ಮೊಟ್ಟೆಯ ಬಿಳಿ ಚೂರು ಒಂದು ಎಲೆಗೆ, ಇನ್ನೊಂದಕ್ಕೆ ಗಾಜಿನ ಚೂರು ಇಡುತ್ತೇನೆ. ಮೊಟ್ಟೆಯ ಅಂಚು ಕರಗಿದರೆ ಉತ್ತರ ಸಿಕ್ಕಂತೆ. ಎಷ್ಟು ದಿನ ಕಾಯಬೇಕು? ಇರುವೆ ಹೊತ್ತೊಯ್ಯದ ಹಾಗೆ ಏನು ಮಾಡಲಿ? ಗಿಡ ಕೀಳಲು ಮನಸ್ಸಿಲ್ಲ. ಮಾಡಿ ನೋಡಿದವರು ಹೇಳಿ ಮಾರಾಯ್ರೇ.