ಲ್ಯಾಪ್‌ಟಾಪ್‌ನಲ್ಲಿ ‘ವಲ್ಕನ್’ ಅಂತ ಏನೋ ಇದೆ, ತೆಗೆಯಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಮಗನ 2016ರ ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆ ಬೇಡದ್ದನ್ನೆಲ್ಲ ತೆಗೆಯುತ್ತಿದ್ದೆ. ಪಟ್ಟಿಯಲ್ಲಿ ‘ವಲ್ಕನ್ ರನ್ ಟೈಮ್ ಲೈಬ್ರರೀಸ್’ ಅಂತ ಕಂಡಿತು, ಪಕ್ಕದಲ್ಲಿ ‘ಲೂನಾರ್‌ಜಿ’ ಅಂತಿದೆ. ನಾವ್ಯಾರೂ ಹಾಕಿದ್ದಲ್ಲ. ರಿಪೇರಿಯವರು ವೈರಸ್ ಇರಬಹುದು, ಫಾರ್ಮ್ಯಾಟ್ ಮಾಡೋಣ ಅಂದರು. ಫೋಟೋಗಳೆಲ್ಲ ಅದರಲ್ಲೇ ಇವೆ.

ಉತ್ತರ: ಮೇಡಂ, ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ಸುಮ್ನೆ ಹೆಸರು ಗೊತ್ತಿಲ್ಲ ಅಂತ ಜನ ಫೋಟೋ ಕಳೆದುಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ.

ಇದು ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಯ ಚಿತ್ರ ಮೂಡಿಸುವ ಚಿಪ್ ನಡೆಸುವ ಸಾಫ್ಟ್‌ವೇರ್, ಅದರ ಜೊತೆಗೆ ಬಂದದ್ದು. ಡ್ರೈವರ್ ಅಪ್‌ಡೇಟ್ ಆದಾಗ ಕೇಳದೆಯೇ ಬಂದು ಕೂರುತ್ತದೆ. ಗೇಮ್ ಒಂದು ಚಿತ್ರ ತೋರಿಸಬೇಕಾದರೆ ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಹೇಳಬೇಕು, ಅಲ್ವಾ? ಹಾಗೆ ಹೇಳುವುದಕ್ಕೆ ಇರುವ ಒಂದು ಪದ್ಧತಿ ವಲ್ಕನ್. ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಇನ್ನೊಂದು. ಓಪನ್‌ಜಿಎಲ್ ಅನ್ನುವ ಇಂಥದ್ದೇ ಹಳೆಯ ಪದ್ಧತಿಯನ್ನು ನೋಡಿಕೊಳ್ಳುವ ಕ್ರೋನೋಸ್ ಗ್ರೂಪ್ 2016ರ ಫೆಬ್ರವರಿಯಲ್ಲಿ ವಲ್ಕನ್ ಹೊರತಂದಿತು. ಚಿಪ್ ಕಂಪನಿ ಎಎಂಡಿ ಮೊದಲು ಮಾಡಿದ್ದ ಮ್ಯಾಂಟಲ್ ಅನ್ನುವ ಪದ್ಧತಿ ಅದಕ್ಕೆ ಬುನಾದಿ. ಲೂನಾರ್‌ಜಿ ಅದರ ಸಾಫ್ಟ್‌ವೇರ್ ಮಾಡುವ ಕಂಪನಿ.

ನಿಮ್ಮ ಕಂಪ್ಯೂಟರ್‌ನಲ್ಲಿರುವುದು ಮುಖ್ಯವಾಗಿ ‘ವಲ್ಕನ್-1.ಡಿಎಲ್‌ಎಲ್’ ಅನ್ನುವ ಸಣ್ಣ ಫೈಲ್. ಗೇಮ್ ಕರೆದಾಗ ಒಳಗೆ ಯಾವ ಚಿಪ್ ಇದೆ ಅಂತ ಹುಡುಕಿ, ಅದರ ಡ್ರೈವರ್‌ಗೆ ಕೆಲಸ ದಾಟಿಸುತ್ತದೆ. ಯಾರೂ ಕರೆಯದಿದ್ದರೆ ತೆಪ್ಪಗೆ ಬಿದ್ದಿರುತ್ತದೆ.

ಪ್ರಶ್ನೆ: ಜೀವ ಬಂತು ಸರ್! ಹಾಗಾದರೆ ತೆಗೆದರೆ ಜಾಗ ಸಿಗುತ್ತದಾ?

ಉತ್ತರ: ಕೆಲವೇ ಎಂಬಿ, ಪ್ರಯೋಜನವಿಲ್ಲ. ಮಗ ಡೋಟಾ 2 ವಲ್ಕನ್‌ನಲ್ಲಿ ಆಡುತ್ತಿದ್ದರೆ ಅದು ನಿಂತುಹೋಗುತ್ತದೆ, ಮತ್ತೆ ಡ್ರೈವರ್ ಹಾಕಬೇಕು. ಜಾಗ ಬೇಕಿದ್ದರೆ ಡೌನ್‌ಲೋಡ್ಸ್ ಫೋಲ್ಡರ್ ನೋಡಿ. ಜಾಸ್ತಿ ತುಂಬಿರುವುದು ಅಲ್ಲೇ.

ಇನ್ನೊಬ್ಬ ಸದಸ್ಯರು: ಅಣ್ಣಾ, ನನ್ನದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಇಂಟೆಲ್‌ನ ಗ್ರಾಫಿಕ್ಸ್ ಅಷ್ಟೇ. ಪಟ್ಟಿಯಲ್ಲೂ ಹೆಸರಿಲ್ಲ. ಆದರೆ ಹುಡುಕಿದರೆ ಆ ಫೈಲ್ ಮೂರು ಕಡೆ ಸಿಗುತ್ತಿದೆ.

ಉತ್ತರ: ಇಂಟೆಲ್ ಡ್ರೈವರ್ ಕೂಡ ತರುತ್ತದೆ ತಮ್ಮಾ. ಹೊಸ ಡ್ರೈವರ್‌ಗಳಲ್ಲಿ ಹೆಸರು ಪಟ್ಟಿಗೆ ಬರುವುದಿಲ್ಲ, ಫೈಲ್ ಇರುತ್ತದೆ. ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್‌ನಲ್ಲಿ ಒಂದು, 32 ಬಿಟ್ ಪ್ರೋಗ್ರಾಂಗಳಿಗೆ ಸಿಸ್‌ವಾವ್64 ಫೋಲ್ಡರ್‌ನಲ್ಲಿ ಒಂದು. ಕ್ರೋಮ್ ಕೂಡ ತನ್ನ ಫೋಲ್ಡರ್‌ನಲ್ಲಿ ಒಂದು ಇಟ್ಟುಕೊಳ್ಳುತ್ತದೆ. ನಿನ್ನ ಮೂರನೆಯದು ಅದೇನಾ ನೋಡು. ಟೆಂಪ್ ಫೋಲ್ಡರ್‌ನಲ್ಲೋ ಯಾರೋ ಕಳಿಸಿದ ಜಿಪ್‌ನಲ್ಲೋ ಸಿಕ್ಕಿದ್ದರೆ ತೆರೆಯಬೇಡ, ಆಂಟಿವೈರಸ್‌ನಲ್ಲಿ ಸ್ಕ್ಯಾನ್ ಮಾಡಿ ಇಲ್ಲೇ ತಿಳಿಸು.