ಮಿನಿ ಟ್ರ್ಯಾಕ್ಟರ್‌ಗೆ ಲೋಡರ್ ಹಾಕಿದ್ದೇವೆ, ಹಿಂದಿನ ಗಾಲಿ ಏಳುತ್ತದೆ. ಎಷ್ಟು ಭಾರ ಕಟ್ಟಬೇಕು?

ಪ್ರಶ್ನೆ (ಅಡಿಕೆ ಬೆಳೆಗಾರ, ತೀರ್ಥಹಳ್ಳಿ ಕಡೆ):
ನಮಸ್ಕಾರ ಸಾರ್. ನಮ್ಮದು 24 ಎಚ್‌ಪಿ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್. ಕೊಟ್ಟಿಗೆ ಗೊಬ್ಬರ ತುಂಬೋಕೆ ಅಂತ ಮುಂದೆ ಲೋಡರ್ ಕೂರಿಸಿದ್ದೇವೆ. ಗೊಬ್ಬರ ಎತ್ತುವಾಗ ಏನೂ ತೊಂದರೆ ಇಲ್ಲ. ಮಳೆಗೆ ಧರೆ ಕುಸಿದ ಮಣ್ಣು ಎತ್ತುವಾಗ ಮಾತ್ರ ಹಿಂದಿನ ಗಾಲಿ ನೆಲ ಬಿಡುತ್ತದೆ. ಸದ್ಯಕ್ಕೆ ಕೆಲಸದ ಹುಡುಗರಿಬ್ಬರನ್ನು ಹಿಂದೆ ನಿಲ್ಲಿಸಿಕೊಂಡು ಓಡಿಸುತ್ತಿದ್ದೇವೆ. ಮುಂದಿನ ಬಂಪರ್ ವೇಟ್ ಹಾಗೇ ಇದೆ. ಟೈರಿಗೆ ನೀರು ತುಂಬಿಸಿದರೆ ಸಾಕಾ, ಇಲ್ಲ ಹಿಂದೆ ಏನಾದರೂ ಕಟ್ಟಬೇಕಾ?

ಉತ್ತರ (ಟ್ರ್ಯಾಕ್ಟರ್ ಮೆಕ್ಯಾನಿಕ್):
ನಮಸ್ಕಾರ. ಮೊದಲು ಆ ಹುಡುಗರನ್ನು ಇಳಿಸಿ. ಗಾಲಿ ಎದ್ದು ಧಪ್ ಅಂತ ಕೂತರೆ ಅವರು ಬೀಳೋದು ಗಾಲಿಯ ಪಕ್ಕಕ್ಕೇ. ಬಂಪರ್ ವೇಟನ್ನೂ ಬಿಚ್ಚಿಡಿ. ಅದು ಹಿಂದೆ ನೇಗಿಲು ಕಟ್ಟಿದಾಗ ಮೂತಿ ಏಳದಿರಲಿ ಅಂತ ಇರೋದು. ಲೋಡರ್ ಇದ್ದಾಗ ಅದರಿಂದ ಕೆಡುಕೇ ಜಾಸ್ತಿ.

ಗೊಬ್ಬರಕ್ಕೆ ಏಳದ್ದು ಮಣ್ಣಿಗೆ ಯಾಕೆ ಏಳುತ್ತದೆ ಅಂದರೆ, ಬಕೆಟ್ ಅದೇ ಆದರೂ ತೂಕ ಬೇರೆ. 200 ಲೀಟರ್ ಹಿಡಿಯುವ ಬಕೆಟ್‌ನಲ್ಲಿ ಒಣಗಿದ ಗೊಬ್ಬರ 120 ಕೆಜಿ ಆಸುಪಾಸು ಬರಬಹುದು. ಅದೇ ಬಕೆಟ್ ತುಂಬ ಒದ್ದೆ ಮಣ್ಣು ಅಂದರೆ 340 ಕೆಜಿ. ಆ ಭಾರ ಇರೋದು ಮುಂದಿನ ಆಕ್ಸಲ್‌ಗಿಂತ ಆಚೆ. ಹಾಗಾಗಿ ಮುಂದಿನ ಗಾಲಿಯೇ ಆಧಾರವಾಗಿ ಹಿಂಭಾಗ ಮೇಲೇಳುತ್ತದೆ. ಏತದ ಒಂದು ತುದಿಗೆ ಕಲ್ಲು ಕಟ್ಟುತ್ತಿದ್ದರಲ್ಲ, ಲೆಕ್ಕ ಅದೇ.

ಒಂದು ಉದಾಹರಣೆ ಹೇಳುತ್ತೇನೆ. ನಿಮ್ಮ ಗಾಡಿಯನ್ನು ಟೇಪ್ ಹಿಡಿದು ಅಳೆದು ಇದೇ ರೀತಿ ಲೆಕ್ಕ ಹಾಕಿಕೊಳ್ಳಿ. ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ 5 ಅಡಿ. ಮುಂದಿನ ಆಕ್ಸಲ್‌ನಿಂದ ಬಕೆಟ್‌ನ ನಡುವಿಗೆ 4 ಅಡಿ. ಆಗ 340 ಕೆಜಿ ಮಣ್ಣು ಹಿಂದಿನ ಗಾಲಿಗಳಿಂದ 340×4÷5, ಅಂದರೆ ಸುಮಾರು 270 ಕೆಜಿ ಕಿತ್ತುಕೊಳ್ಳುತ್ತದೆ. ಹಿಂದಿನ ಗಾಲಿಗಳ ಮೇಲೆ ಮೊದಲು 470 ಕೆಜಿ ಇತ್ತು ಅಂದುಕೊಳ್ಳಿ, ಈಗ ಉಳಿಯೋದು 200. ಸಮತಟ್ಟು ನೆಲದಲ್ಲಿ ನಿಂತಿದ್ದರೆ ಸರಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಅದೂ ಮುಂದಕ್ಕೆ ಹೋಗುತ್ತದೆ.

ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಇರೋದು ಹಿಂದಿನ ಗಾಲಿಗೆ ಮಾತ್ರ. ಆ ಗಾಲಿಗೆ ಭಾರವೇ ಇಲ್ಲದಿದ್ದರೆ ಬ್ರೇಕ್ ಹಿಡಿದೂ ಪ್ರಯೋಜನವಿಲ್ಲ, ಸುಮ್ನೆ ಜಾರುತ್ತದೆ. ಲೋಡರ್ ಕೆಲಸದಲ್ಲಿ, ಅದರಲ್ಲೂ ಇಳಿಜಾರಿನಲ್ಲಿ, ಫೋರ್ ವೀಲ್ ಹಾಕಿಯೇ ಇರಿ. ಆಗ ಹಿಡಿತ ಮುಂದಿನ ಗಾಲಿಗೂ ಸಿಗುತ್ತದೆ. ಇನ್ನೊಂದು ಅಪಾಯ ಪಕ್ಕಕ್ಕೆ ಮಗುಚೋದು. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ ಮೇಲೆ ಓಲಾಡುವ ಹಾಗೆ ಇರುತ್ತದೆ. ಗಾಡಿ ಅಡ್ಡಕ್ಕೆ ವಾಲದಂತೆ ಹಿಡಿಯೋದು ಹಿಂದಿನ ಎರಡು ಗಾಲಿಗಳೇ. ಅವು ಹಗುರಾದರೆ ಇಡೀ ಗಾಡಿ ಆ ಪಿನ್ ಮೇಲೆ ನಿಂತ ಹಾಗೆ. ಬಕೆಟ್ ಮೇಲಿದ್ದು ಒಂದು ಗಾಲಿ ಗುಂಡಿಗೆ ಇಳಿದರೆ ಮುಗಿಯಿತು.

ಟೈರಿಗೆ ನೀರು ತುಂಬಿಸೋದು ಒಳ್ಳೆಯದೇ. ವಾಲ್ವ್ ಮೇಲೆ ಬರುವಂತೆ ನಿಲ್ಲಿಸಿ ಮುಕ್ಕಾಲು ಭಾಗ ತುಂಬಿಸುತ್ತಾರೆ. ನಮ್ಮ ಕಡೆ ನೀರು ಹೆಪ್ಪುಗಟ್ಟೋ ಚಳಿ ಇಲ್ಲ, ಬರೀ ನೀರು ಸಾಕು. ಆದರೆ ಮಿನಿ ಟ್ರ್ಯಾಕ್ಟರಿನ ಚಿಕ್ಕ ಟೈರಿಗೆ ಹಿಡಿಯೋದೇ ಕಡಿಮೆ. ಜೊತೆಗೆ ಆ ಭಾರ ಹಿಂದಿನ ಆಕ್ಸಲ್ ಮೇಲೇ ಕೂರುತ್ತದೆ, ಅದರಿಂದ ಹಿಂದಕ್ಕೆ ಚಾಚಿರಲ್ಲ. ಹಿಂಭಾಗ ಏಳದಂತೆ ಹಿಡಿಯುತ್ತದೆ ನಿಜ, ಮುಂದಿನ ಆಕ್ಸಲ್ ಮೇಲಿನ ಹೊರೆ ಮಾತ್ರ ಒಂದು ಕೆಜಿಯೂ ಇಳಿಯಲ್ಲ.

ಆದ್ದರಿಂದ ತ್ರೀ ಪಾಯಿಂಟ್ ಲಿಂಕೇಜಿಗೆ, ಅಂದರೆ ಹಿಂದೆ ಉಪಕರಣ ಸಿಕ್ಕಿಸುವ ಮೂರು ತೋಳಿಗೆ, ಭಾರ ಕಟ್ಟಿ ಅನ್ನೋದು ನನ್ನ ಸಲಹೆ. ಹಿಂದಿನ ಆಕ್ಸಲ್‌ನಿಂದ 3 ಅಡಿ ಹಿಂದೆ 250 ಕೆಜಿ ತೂಗುಹಾಕಿದರೆ ಹಿಂದಿನ ಗಾಲಿಗಳಿಗೆ ಸೇರೋದು 400 ಕೆಜಿ. ಮುಂದಿನ ಗಾಲಿಗಳ ಮೇಲಿಂದ 150 ಕೆಜಿ ಇಳಿಯುತ್ತದೆ. ಸ್ಟಿಯರಿಂಗ್ ಹಗುರಾಗೋದು ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ (ಅದೇ ಬೆಳೆಗಾರ):
ತುಂಬಾ ಉಪಕಾರ ಆಯಿತು ಸಾರ್. ಮನೆಯಲ್ಲಿ 200 ಲೀಟರಿನ ಹಳೇ ಕಬ್ಬಿಣದ ಡ್ರಮ್ ಇದೆ. ಕಾಂಕ್ರೀಟ್ ತುಂಬಿಸಿ ಕಟ್ಟಬಹುದಾ?

ಉತ್ತರ:
ಪೂರ್ತಿ ಬೇಡ. ಕಾಂಕ್ರೀಟ್ ಲೀಟರಿಗೆ ಸುಮಾರು 2.4 ಕೆಜಿ. ಡ್ರಮ್ ತುಂಬಿದರೆ 480 ಕೆಜಿ ಆಗುತ್ತದೆ, ಇಷ್ಟು ಚಿಕ್ಕ ಗಾಡಿಯ ಲಿಫ್ಟ್‌ಗೂ ಹಿಂದಿನ ಟೈರ್‌ಗೂ ಅದು ಅತಿಯಾಯಿತು. ಅರ್ಧಕ್ಕಿಂತ ತುಸು ಮೇಲೆ ಕತ್ತರಿಸಿ. 105 ಲೀಟರ್ ತುಂಬಿಸಿದರೆ 250 ಕೆಜಿ ಸಿಗುತ್ತದೆ, ಎತ್ತರವೂ ಕಡಿಮೆ ಇರುತ್ತದೆ. ಲಿಫ್ಟ್ ಎಷ್ಟು ಎತ್ತುತ್ತದೆ ಅನ್ನೋದನ್ನು ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ಅಲ್ಲಿ ಬರೆದಿರೋದು ಸಾಮಾನ್ಯವಾಗಿ ತೋಳಿನ ತುದಿಯ ಲೆಕ್ಕ, ಭಾರ ಹಿಂದೆ ಹೋದಷ್ಟೂ ಅದು ಕಮ್ಮಿಯಾಗುತ್ತದೆ.

ಅಡ್ಡ ಹಾಯಿಸುವ ಶಾಫ್ಟ್‌ಗೆ ಮನೆ ಕಟ್ಟುವ ಟಿಎಂಟಿ ಕಂಬಿ ಹಾಕಬೇಡಿ. ಲೇತ್ ಅಂಗಡಿಯಲ್ಲಿ ದಪ್ಪ ಶಾಫ್ಟ್ ತೆಗೆದುಕೊಂಡು, ಎರಡೂ ತುದಿಯನ್ನು ಲೋವರ್ ಲಿಂಕಿನ (ಕೆಳಗಿನ ಎರಡು ತೋಳು) ತೂತಿಗೆ ತಕ್ಕಂತೆ ಕಡಿಸಿ. ಲಿಂಕೇಜಿನ ಅಳತೆ ಕೆಟಗರಿ 1 ಆದರೆ 22 ಮಿಮೀ, ಟಾಪ್ ಲಿಂಕ್ (ಮೇಲಿನ ತೋಳು) ಪಿನ್ 19 ಮಿಮೀ. ಶಾಫ್ಟ್‌ಗೂ ಟಾಪ್ ಲಿಂಕ್ ಪಟ್ಟಿಗೂ ಒಳಗೆ ಕಂಬಿ ಬೆಸುಗೆ ಹಾಕಿಸಿ ಆಮೇಲೆ ಕಾಂಕ್ರೀಟ್ ಸುರಿಯಿರಿ, ಇಲ್ಲದಿದ್ದರೆ ಕುಲುಕಾಟಕ್ಕೆ ಸಡಿಲವಾಗುತ್ತದೆ. ಒಂದು ವಾರವಾದರೂ ನೀರು ಹಾಕಿ. ಪೂರ್ತಿ ಗಟ್ಟಿಯಾಗಲು 28 ದಿನ ಬೇಕು, ಅವಸರ ಮಾಡಬೇಡಿ.

ಪ್ರಶ್ನೆ (ಹೈನುಗಾರ್ತಿ, ಹಾಸನ):
ಸಾರ್, ನಮ್ಮ ಹತ್ತಿರ ರೋಟವೇಟರ್ ಇದೆ. ಅದನ್ನೇ ಕಟ್ಟಿಕೊಂಡು ಲೋಡರ್ ಓಡಿಸಬಹುದಲ್ವಾ? ಬೇರೆ ಖರ್ಚು ಯಾಕೆ ಅಂತ.

ಉತ್ತರ:
ತೂಕ ಸಾಲುತ್ತದೆ ಅಂದರೆ ಧಾರಾಳವಾಗಿ ಕಟ್ಟಬಹುದು ಅಕ್ಕ. ಎಂಜಿನ್‌ನಿಂದ ರೋಟವೇಟರ್ ತಿರುಗಿಸುವ ಪಿಟಿಒ ಶಾಫ್ಟ್ ಬಿಚ್ಚಿಡಿ. ಕೊಟ್ಟಿಗೆ ಒಳಗೆ ತಿರುಗಿಸುವಾಗ ಅದರ ಅಗಲ, ಬಾಲ ಎರಡೂ ಕಾಟ ಕೊಡುತ್ತವೆ, ಹಿಂದೆ ದನ ಕರು ಇದ್ದರೆ ಇನ್ನೂ ಜಾಗ್ರತೆ. ದಿನಾ ಲೋಡರ್ ಕೆಲಸ ಇರುವವರಿಗೆ ಗಿಡ್ಡನೆಯ ಕಾಂಕ್ರೀಟ್ ದಿಮ್ಮಿಯೇ ವಾಸಿ. ಕಲ್ಟಿವೇಟರ್ ಹಗುರ, ಈ ಕೆಲಸಕ್ಕೆ ಆಗಲ್ಲ.

ಪ್ರಶ್ನೆ (ಬೆಳೆಗಾರ):
ಕೊನೇ ಪ್ರಶ್ನೆ ಸಾರ್. ಭಾರ ಕಟ್ಟಿದ ಮೇಲೆ ಸರಿಯಾಯಿತು ಅಂತ ಗೊತ್ತಾಗೋದು ಹೇಗೆ? ಯಾವಾಗಲೂ ಕಟ್ಟಿಕೊಂಡೇ ಇರಬಹುದಾ?

ಉತ್ತರ:
ಹತ್ತಿರದ ವೇಬ್ರಿಡ್ಜ್‌ಗೆ ಹೋಗಿ. ಬಕೆಟ್‌ನಲ್ಲಿ ಒದ್ದೆ ಮಣ್ಣು ತುಂಬಿಕೊಂಡು ಒಮ್ಮೆ ಇಡೀ ಗಾಡಿ, ಒಮ್ಮೆ ಹಿಂದಿನ ಗಾಲಿ ಮಾತ್ರ ತೂಗಿಸಿ. ಒಟ್ಟು ತೂಕದ ಕಾಲು ಭಾಗವಾದರೂ ಹಿಂದೆ ಇರಬೇಕು ಅನ್ನೋದು ನಾನು ಇಟ್ಟುಕೊಂಡಿರುವ ಲೆಕ್ಕ. ನಿಮ್ಮ ಧರೆ ಅಂಚಿನ ಜಾಗಕ್ಕೆ ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದು. ಹಾಗಂತ ಲೋಡರ್ ಕಂಪನಿ ಹೇಳಿದ ಮಿತಿಗಿಂತ ಜಾಸ್ತಿ ಮಣ್ಣು ತುಂಬಬೇಡಿ. ಮುಂದಿನ ಆಕ್ಸಲ್‌ಗೂ ಒಂದು ಮಿತಿ ಇದೆ.

ಭಾರವನ್ನು ಪೊಸಿಷನ್ ಲಿವರ್‌ನಲ್ಲಿ (ತೋಳನ್ನು ಒಂದೇ ಎತ್ತರದಲ್ಲಿ ಹಿಡಿಯೋದು) ಎತ್ತಿ ನಿಲ್ಲಿಸಿ, ಡ್ರಾಫ್ಟ್ ಲಿವರ್‌ನಲ್ಲಿ (ಎಳೆತಕ್ಕೆ ತಕ್ಕಂತೆ ಮೇಲೆ ಕೆಳಗೆ ಮಾಡೋದು) ಅಲ್ಲ. ಅಕ್ಕಪಕ್ಕದ ಚೈನ್ ಬಿಗಿ ಮಾಡಿ, ತೂಗಾಡಬಾರದು. ಬಕೆಟ್ ನೆಲದಿಂದ ಒಂದಡಿಯಷ್ಟೇ ಮೇಲಿರಲಿ. ತುಂಬಿದ ಬಕೆಟ್ ಯಾವಾಗಲೂ ಏರಿನ ಕಡೆಗಿರಬೇಕು. ಹತ್ತುವಾಗ ಮುಂದಕ್ಕೆ ಹೋಗಿ, ಇಳಿಯುವಾಗ ರಿವರ್ಸ್‌ನಲ್ಲಿ ಬನ್ನಿ. ಲೋಡರ್ ಬಿಚ್ಚಿದ ದಿನ ಹಿಂದಿನ ದಿಮ್ಮಿಯನ್ನೂ ಬಿಚ್ಚಿಡಿ, ಇಲ್ಲದಿದ್ದರೆ ಏರು ಹತ್ತುವಾಗ ಮುಂದಿನ ಗಾಲಿ ಹಗುರಾಗಿ ಸ್ಟಿಯರಿಂಗ್ ಕೇಳಲ್ಲ.